ಕಬ್ಬಿಣ ಕಡಿಯುವ ಚಾಣ ಕೈಕೊಟ್ಟಾಗ: ಬಾಯಿ ನೋಡಿ, ತಲೆ ನೋಡಿ, ಆಮೇಲೆ ಸಾಣೆ ಹಿಡಿಯಿರಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿ ಮಲ್ಪೆಯಲ್ಲೂ ಮಂಗಳೂರಿನ ಬಂದರಿನಲ್ಲೂ ಆ 61 ದಿನಗಳು ರಿಪೇರಿಯ ಕಾಲ. ವರ್ಷವಿಡೀ ಉಪ್ಪುನೀರು ಕುಡಿದ ನಟ್ಟು ಬೋಲ್ಟುಗಳ ಮುಂದೆ ಸ್ಪ್ಯಾನರ್ ಸೋತಲ್ಲಿ, ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ಗ್ಯಾಸ್ ಕಟ್ಟರ್ ಹಚ್ಚುವಂತಿಲ್ಲದಲ್ಲಿ, ಕೊನೆಗೆ ಕೈಗೆ ಬರುವುದು ಚಾಣ ಮತ್ತು ಸುತ್ತಿಗೆ. ಈ ಕಾಲದಲ್ಲೇ ನಾನು ಅತಿ ಹೆಚ್ಚು ಕೇಳುವ ದೂರು ಒಂದಿದೆ: "ಈ ಚಾಣದ ಉಕ್ಕೇ ಸರಿ ಇಲ್ಲ ಮಾರಾಯ್ರೆ."

ಇಷ್ಟು ವರ್ಷ ಫಿಟ್ಟರ್ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಉಕ್ಕಿನದೇ ದೋಷವಾಗಿದ್ದ ಚಾಣಗಳನ್ನು ನಾನು ಕಂಡಿರುವುದು ಬಹಳ ಅಪರೂಪ. ದೂರಿನೊಂದಿಗೆ ಬರುವ ಚಾಣಗಳಲ್ಲಿ ಹೆಚ್ಚಿನವುಗಳ ಬಾಯಿ ಗ್ರೈಂಡರಿನಲ್ಲಿ ಸುಟ್ಟಿರುತ್ತದೆ, ಇಲ್ಲವೇ ಬಾಯಿಯ ಕೋನ ಮಾಡುವ ಕೆಲಸಕ್ಕೆ ಹೊಂದಿರುವುದಿಲ್ಲ, ಇಲ್ಲವೇ ತಲೆಯನ್ನು ಯಾರೂ ತಿಂಗಳುಗಟ್ಟಲೆ ನೋಡಿರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಮರಗೆಲಸದ ಉಳಿಯ ವಿಷಯವಲ್ಲ. ಗ್ಯಾರೇಜುಗಳಲ್ಲಿ ಚಿಸೆಲ್ ಎಂದೂ ಉತ್ತರದ ಕೆಲಸಗಾರರ ಬಾಯಲ್ಲಿ ಛೇನಿ ಎಂದೂ ಕರೆಸಿಕೊಳ್ಳುವ, ತಣ್ಣಗಿನ ಲೋಹವನ್ನು ಕಡಿಯುವ ಚಾಣದ ವಿಷಯ.

ಚಾಣದ ಎರಡು ತುದಿಗಳಿಗೆ ಎರಡು ಬೇರೆ ಬೇರೆ ಸ್ವಭಾವವಿರುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ಬಾಯಿಯ ಕಡೆಯ ಸುಮಾರು 20ರಿಂದ 25 ಮಿಲಿಮೀಟರ್ ಭಾಗವನ್ನು ಮಾತ್ರ ಕಾಯಿಸಿ, ತಣಿಸಿ, ಹದ ಮಾಡಿ ಗಡಸುಗೊಳಿಸಿರುತ್ತಾರೆ. ತಲೆಯನ್ನು ಬೇಕೆಂದೇ ಮೆದುವಾಗಿ ಬಿಟ್ಟಿರುತ್ತಾರೆ, ಏಕೆಂದರೆ ಗಡಸಾದ ಸುತ್ತಿಗೆ ಗಡಸಾದ ತಲೆಯ ಮೇಲೆ ಬಿದ್ದರೆ ಎರಡರಲ್ಲೊಂದು ಸಿಡಿಯುತ್ತದೆ. ಮುಂದೆ ಹೇಳುವ ಬಹುಪಾಲು ಲಕ್ಷಣಗಳು ಈ ಎರಡು ಸ್ವಭಾವಗಳಲ್ಲಿ ಒಂದು ಕೆಟ್ಟಾಗ, ಅಥವಾ ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟಾಗ ಕಾಣಿಸುವಂಥವು.

ಲಕ್ಷಣ ಯಾವುದೇ ಇರಲಿ, ಮೊದಲ ಎರಡು ನಿಮಿಷ

ಪರೀಕ್ಷೆಗೆಂದು ಒಂದೇ ಒಂದು ಏಟು ಹೊಡೆಯುವುದಿದ್ದರೂ ಕಣ್ಣಿಗೆ ಸುರಕ್ಷತಾ ಕನ್ನಡಕ ಹಾಕಿಕೊಳ್ಳಿ. ಓದುವ ಕನ್ನಡಕ ಇದಕ್ಕೆ ಸಾಲದು. ಬದಿಗಳನ್ನೂ ಮುಚ್ಚುವಂಥದ್ದೇ ಬೇಕು. ಎದುರಿಗೆ ಯಾರೂ ನಿಂತಿರಬಾರದು, ನಿಲ್ಲುವುದು ಅನಿವಾರ್ಯವಾದರೆ ನಡುವೆ ಒಂದು ತಗಡನ್ನೋ ದಪ್ಪ ಗೋಣಿಯನ್ನೋ ಅಡ್ಡ ಹಿಡಿಸಿ.

ಬಳಿಕ ಚಾಣವನ್ನು ಬಟ್ಟೆಯಿಂದ ಎಣ್ಣೆ, ಮಣ್ಣು ಹೋಗುವಂತೆ ಒರಸಿ, ಬಾಯಿಯನ್ನು ಬೆಳಕಿಗೆ ಹಿಡಿಯಿರಿ. ಹರಿತವಾದ ಬಾಯಿಯ ಅಂಚು ಕಪ್ಪಾಗಿಯೇ ಉಳಿಯುತ್ತದೆ. ಮೊಂಡಾದ ಬಾಯಿಯ ಮೇಲೆ ಬೆಳ್ಳಿಯ ದಾರದಂಥ ಗೆರೆಯೊಂದು ಮಿನುಗುತ್ತದೆ. ಅನಂತರ ಹಳೆಯದಾದರೂ ಹಲ್ಲು ಸವೆಯದ ಒಂದು ಅರವನ್ನು (ಲೋಹ ಉಜ್ಜುವ ಫೈಲ್) ಬಾಯಿಯ ಪಕ್ಕಕ್ಕೆ ಮೆಲ್ಲಗೆ ಎಳೆಯಿರಿ. ಅರ ಸ್ವಲ್ಪ ಕಷ್ಟಪಟ್ಟು ಅಷ್ಟಿಷ್ಟು ಕಚ್ಚಿದರೆ ಹದ ಸರಿಯಿದೆ. ಮಾಮೂಲು ಕಬ್ಬಿಣವನ್ನು ಉಜ್ಜಿದಷ್ಟೇ ಸಲೀಸಾಗಿ ಕಚ್ಚಿದರೆ ಬಾಯಿಯ ಗಡಸುತನ ಹೋಗಿದೆ. ಗಾಜಿನ ಮೇಲೆ ಎಳೆದಂತೆ ಪೂರ್ತಿ ಜಾರಿದರೆ ಬಾಯಿ ಅತಿ ಗಡಸಾಗಿದೆ, ಅದು ಸಿಡಿಯಬಹುದು. ತಲೆಯ ಮೇಲೂ ಅದೇ ಅರವನ್ನು ಎಳೆದು ನೋಡಿ. ಅಲ್ಲಿ ಅದು ಸಲೀಸಾಗಿಯೇ ಕಚ್ಚಬೇಕು. ತಲೆಯ ಮೇಲೆ ಅರ ಜಾರುವ ಚಾಣವನ್ನು ಸುತ್ತಿಗೆಗೆ ಒಡ್ಡಲೇಬೇಡಿ.

ಕೊನೆಯದಾಗಿ ಸುತ್ತಿಗೆ. ಬೇಸಿಗೆಯಲ್ಲಿ ಒಣಗಿ ಸಡಿಲವಾದ ಹಿಡಿ ಮಳೆಗಾಲದ ತೇವಕ್ಕೆ ಉಬ್ಬಿ ಗಟ್ಟಿಯಾದಂತೆ ತೋರುತ್ತದೆ, ಅದನ್ನು ನಂಬಬೇಡಿ. ಒಳಗಿನ ಬೆಣೆ ಭದ್ರವಾಗಿದೆಯೇ ಎಂದು ನೋಡಿ. ಸುತ್ತಿಗೆಯ ಮುಖ ಚಾಣದ ತಲೆಗಿಂತ ಸುಮಾರು 10 ಮಿಲಿಮೀಟರ್ ಅಗಲವಿರಬೇಕು.

ಚಾಣ ಕಚ್ಚುವುದಿಲ್ಲ, ಕೆಲಸದ ಮೇಲೆ ಜಾರುತ್ತದೆ

ಖರ್ಚಿಲ್ಲದ ಕಾರಣಗಳನ್ನು ಮೊದಲು ಪರೀಕ್ಷಿಸೋಣ. ಕಡಿಯಬೇಕಾದ ಜಾಗದ ಮೇಲೆ ಬಣ್ಣ, ಗ್ರೀಸ್, ಹಕ್ಕಳೆಗಟ್ಟಿದ ತುಕ್ಕು ಇದ್ದರೆ ಎಷ್ಟೇ ಹರಿತವಾದ ಬಾಯಿಗೂ ಲೋಹ ಸಿಗುವುದಿಲ್ಲ, ಆದ್ದರಿಂದ ತಂತಿ ಬ್ರಷ್ಷಿನಿಂದ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿ. ವೈಸಿನಲ್ಲಿ (ಮೇಜಿಗೆ ಕೂರಿಸಿದ, ತುಂಡನ್ನು ಬಿಗಿಹಿಡಿಯುವ ಸಾಧನ) ಹಿಡಿದ ತುಂಡು ಪ್ರತಿ ಏಟಿಗೂ ಕೂದಲೆಳೆಯಷ್ಟು ಕುಸಿಯುತ್ತಿದ್ದರೂ ಹೀಗೆಯೇ ಆಗುತ್ತದೆ. ತುಂಡಿನ ಅಡಿಗೆ ಒಂದು ಮರದ ತುಂಡು ಕೊಟ್ಟು, ಏಟು ವೈಸಿನ ಅಲುಗಾಡದ ದವಡೆಯ ಕಡೆಗೆ ಬೀಳುವಂತೆ ನಿಂತುಕೊಂಡರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಅದಾದ ಮೇಲೆ ಹಿಡಿತದ ಓರೆ. ಮೆದು ಉಕ್ಕನ್ನು ಕಡಿಯುವ, 55 ಡಿಗ್ರಿ ಬಾಯಿಯ ಚಾಣವನ್ನು ಮೇಲ್ಮೈಗೆ ಸುಮಾರು 35 ಡಿಗ್ರಿ ಓರೆಯಾಗಿ ಹಿಡಿಯಬೇಕು. ಲೆಕ್ಕ ಸರಳವಾಗಿದೆ: ಬಾಯಿಯ ಕೋನದ ಅರ್ಧ, ಅದರ ಮೇಲೆ ಏಳು ಡಿಗ್ರಿಯಷ್ಟು ಬಿಡುವು. ಇದಕ್ಕಿಂತ ಮಲಗಿಸಿ ಹಿಡಿದರೆ ಬಾಯಿ ಮೇಲಕ್ಕೆ ಹತ್ತಿ ಜಾರುತ್ತದೆ. ಇದಕ್ಕಿಂತ ನೆಟ್ಟಗೆ ಹಿಡಿದರೆ ಒಳಕ್ಕೆ ಕಚ್ಚಿ ನಿಂತುಬಿಡುತ್ತದೆ. ಹೊಸಬರು ಗಾಬರಿಯಲ್ಲಿ ಚಾಣವನ್ನು ಮಲಗಿಸುತ್ತಲೇ ಹೋಗಿ, ಜಾರಿದಾಗ ಇನ್ನಷ್ಟು ಬಲವಾಗಿ ಹೊಡೆಯುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಕೈಗೆ ಪೆಟ್ಟಾಗುವುದು ಆ ಕ್ಷಣದಲ್ಲಿಯೇ. ಕಣ್ಣು ಸುತ್ತಿಗೆಯ ಮೇಲಾಗಲಿ ತಲೆಯ ಮೇಲಾಗಲಿ ಇರಬಾರದು, ಚಾಣದ ಬಾಯಿಯ ಮೇಲೆ ಇರಬೇಕು. ಸುತ್ತಿಗೆ ತಲೆಯನ್ನು ತಾನಾಗಿ ಹುಡುಕಿಕೊಳ್ಳುವುದನ್ನು ಕೈ ಕೆಲವು ದಿನಗಳಲ್ಲಿ ಕಲಿಯುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಜಾರಿದರೆ, ಬೆಳಕಿನಲ್ಲಿ ಬೆಳ್ಳಿಗೆರೆ ಕಂಡಿದ್ದರೆ, ಆಗ ಸಾಣೆ ಹಿಡಿಯಬೇಕು.

ಸಾಣೆ ಹಿಡಿದ ಹತ್ತೇ ಏಟಿಗೆ ಬಾಯಿ ಮಡಚುತ್ತದೆ

ಈ ಲಕ್ಷಣದ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಉಕ್ಕನ್ನು ದೂರುವವರೆಲ್ಲ ದೂರುವುದು ಇಲ್ಲಿಯೇ. ಬಾಯಿಯ ಅಂಚು ಒಂದು ಬದಿಗೆ ತುಟಿಯಂತೆ ಮಡಚಿರುತ್ತದೆ, ಬೆರಳಿನ ಉಗುರಿಗೆ ಸಿಕ್ಕುತ್ತದೆ. ಅಂದರೆ ಅಂಚು ಕಡಿಯುವ ಲೋಹಕ್ಕಿಂತ ಹೆಚ್ಚು ಗಡಸಾಗಿ ಉಳಿದಿಲ್ಲ, ಅಥವಾ ಆ ಲೋಹಕ್ಕೆ ತೀರಾ ತೆಳುವಾಗಿದೆ.

ಮೊದಲು ಬಣ್ಣ ನೋಡಿ. ಬಾಯಿಯ ಪಕ್ಕದಲ್ಲಿ ನೀಲಿ ಛಾಯೆಯೊಂದು, ನವಿಲುಗರಿಯ ಮೇಲೆ ಕಾಣುವಂಥದ್ದು, ಕಾಣುತ್ತಿದೆಯೇ? ಇದ್ದರೆ ಕಾರಣ ಸಿಕ್ಕಿತು. ಉಜ್ಜಿ ಹೊಳಪು ಮಾಡಿದ ಉಕ್ಕು ಬಿಸಿಯಾಗುತ್ತ ಹೋದಂತೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿಗೆ, 250ರ ಹೊತ್ತಿಗೆ ಕಂದಿಗೆ, 280ರ ಸುತ್ತಮುತ್ತ ನೇರಳೆಗೆ, 300ರ ಹತ್ತಿರ ನೀಲಿಗೆ ತಿರುಗುತ್ತದೆ. ಚಾಣಕ್ಕೆ ಹದ ಹಾಕುವವನು ನೇರಳೆಯಲ್ಲಿ ನಿಲ್ಲಿಸಿದ್ದನ್ನು ಗ್ರೈಂಡರಿನ ಕಲ್ಲು ಕೆಲವೇ ಕ್ಷಣಗಳಲ್ಲಿ ನೀಲಿಗೆ ದಾಟಿಸಿಬಿಡುತ್ತದೆ, ಏಕೆಂದರೆ ಅಂಚು ತೆಳುವಾಗಿದ್ದು ಕಾವು ಹರಿದುಹೋಗಲು ಅಲ್ಲಿ ದಾರಿಯಿಲ್ಲ. ನೀಲಿಯಾದ ಬಾಯಿಯನ್ನು ನೀರಿಗೆ ಅದ್ದಿದರೆ ಹದ ಮರಳಿ ಬರುವುದಿಲ್ಲ. ನೀಲಿ ಹಿಡಿದಷ್ಟೂ ಉದ್ದವನ್ನು ನಿಧಾನವಾಗಿ ಸವೆಸಿ ತೆಗೆದು ಒಳಗಿನ ಒಳ್ಳೆಯ ಉಕ್ಕಿಗೆ ತಲುಪುವುದೊಂದೇ ಉಪಾಯ. ಅಂಚಿನ ನೀಲಿ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರಿನಷ್ಟೇ ಇರುವುದರಿಂದ ಚಾಣ ಉಳಿಯುತ್ತದೆ.

ಸಾಣೆ ಹಿಡಿಯುವಾಗ ಪಕ್ಕದಲ್ಲಿ ನೀರಿನ ಡಬ್ಬ ಇಟ್ಟುಕೊಳ್ಳಿ. ಎರಡು ಮೂರು ಸಲ ಕಲ್ಲಿಗೆ ತಾಗಿಸಿ, ಒಮ್ಮೆ ನೀರಿಗೆ ಅದ್ದಿ. ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುವುದಕ್ಕೆ ಮೊದಲೇ ಅದ್ದಬೇಕು. ಬಾಯಿಯ ಮೇಲಿನ ನೀರಹನಿ ಚುರ್ ಎಂದರೆ ಅದ್ದುವುದಕ್ಕೆ ಆಗಲೇ ತಡವಾಗುತ್ತಿದೆ ಎಂದು ತಿಳಿಯಿರಿ. ಕಲ್ಲಿನ ಒಂದೇ ಜಾಗಕ್ಕೆ ಒತ್ತದೆ ಅದರ ಅಗಲದುದ್ದಕ್ಕೂ ಆಚೀಚೆ ಸರಿಸಿ. ಕಲ್ಲಿಗೂ ಅದರ ಮುಂದೆ ಚಾಣವನ್ನು ಊರಿ ಹಿಡಿಯುವ ಆಸರೆ ಕಟ್ಟೆಗೂ ನಡುವಿನ ಅಂತರ 3 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಕೆಲಸ ಶುರು ಮಾಡಲೇಬೇಡಿ, ಏಕೆಂದರೆ ಆ ಸಂದಿಗೆ ಚಾಣ ಎಳೆದುಕೊಂಡು ಹೋದರೆ ಕಲ್ಲು ಒಡೆಯುತ್ತದೆ. ಗ್ರೈಂಡರಿನ ಮುಂದೆ ಕೈಗವಸು, ಜೋತಾಡುವ ತೋಳು, ಕುತ್ತಿಗೆಯ ಶಾಲು ಬೇಡ. ಹಿತ್ತಾಳೆಯನ್ನೋ ಅಲ್ಯೂಮಿನಿಯಮನ್ನೋ ಉಜ್ಜಿ ಮುಖ ಮುಚ್ಚಿಹೋದ ಕಲ್ಲು ಕಡಿಯುವುದಿಲ್ಲ, ಬರೀ ಕಾವು ಹುಟ್ಟಿಸುತ್ತದೆ. ಬಾಯಿ ಪದೇ ಪದೇ ನೀಲಿಯಾಗುತ್ತಿದ್ದರೆ ನಿಮ್ಮ ಕೈಗಿಂತ ಮೊದಲು ಕಲ್ಲಿನ ಮುಖವನ್ನು ನೋಡಿ. ಅದನ್ನು ಡ್ರೆಸ್ ಮಾಡಿಸಬೇಕಾಗಿರಬಹುದು, ಅಂದರೆ ಮುಚ್ಚಿಹೋದ ಮುಖವನ್ನು ಕೆರೆಸಿ ಹೊಸ ಮುಖ ಬರಿಸಬೇಕಾಗಿರಬಹುದು.

ನೀಲಿ ಕಾಣದಿದ್ದರೆ ಕೋನ ಅಳೆಯಿರಿ. ಮೆದು ಉಕ್ಕಿಗೆ 55 ಡಿಗ್ರಿ, ಬೀಡು ಕಬ್ಬಿಣಕ್ಕೆ 60, ಗಡಸು ಇಂಗಾಲದ ಉಕ್ಕಿಗೆ 65, ಹಿತ್ತಾಳೆಗೆ 50, ತಾಮ್ರಕ್ಕೆ 45, ಅಲ್ಯೂಮಿನಿಯಮ್ಮಿಗೆ 30 ಎಂಬುದು ಐ.ಟಿ.ಐ.ಗಳಲ್ಲಿ ಕಲಿಸುವ ಲೆಕ್ಕ. ಅಲ್ಯೂಮಿನಿಯಮ್ಮಿಗೆಂದು ತೆಳುವಾಗಿ ಮಾಡಿಟ್ಟ ಬಾಯಿಯನ್ನು ಉಕ್ಕಿನ ಬೋಲ್ಟಿಗೆ ಕೊಟ್ಟರೆ ಅದು ಮಡಚುವುದು ಅಥವಾ ಮುರಿಯುವುದು ಖಚಿತ. ಅಳೆಯಲು ಬೆಲೆಯ ಉಪಕರಣ ಬೇಕಾಗಿಲ್ಲ. ಮಕ್ಕಳ ಜ್ಯಾಮಿಟ್ರಿ ಬಾಕ್ಸಿನ ಸೆಟ್ ಸ್ಕ್ವೇರಿನಿಂದ 60 ಡಿಗ್ರಿಯನ್ನೂ ಕೋನಮಾಪಕದಿಂದ 55 ಡಿಗ್ರಿಯನ್ನೂ ತೆಳು ತಗಡಿನ ಮೇಲೆ ಗೀರಿ, ಕತ್ತರಿಸಿ, ಆ ಕಚ್ಚಿಗೆ ಬಾಯಿಯನ್ನು ಇಟ್ಟು ಬೆಳಕಿಗೆ ಹಿಡಿದರೆ ಸಾಕು. ಸಂದು ಎಲ್ಲಿ ಕಾಣುತ್ತದೆಯೋ ಅಲ್ಲಿ ತಪ್ಪಿದೆ. ನನ್ನ ಪೆಟ್ಟಿಗೆಯಲ್ಲಿ ಇಂಥ ತಗಡು ಯಾವಾಗಲೂ ಇರುತ್ತದೆ, ಅದಿಲ್ಲದೆ ನಾನು ಗ್ರೈಂಡರಿನ ಸ್ವಿಚ್ ಹಾಕುವುದಿಲ್ಲ.

ಬಣ್ಣವೂ ಸರಿ, ಕೋನವೂ ಸರಿ, ಆದರೂ ಮಡಚುತ್ತದೆ, ಅರವೂ ಸಲೀಸಾಗಿ ಕಚ್ಚುತ್ತದೆ ಎಂದಾದರೆ ಹಲವು ವರ್ಷ ಸಾಣೆ ಹಿಡಿದು ಹಿಡಿದು ಹದ ಹಾಕಿದ ಭಾಗವೇ ಸವೆದು ಮುಗಿದಿದೆ. ಅದರ ದಾರಿಯನ್ನು ಮುಂದೆ ಹೇಳುತ್ತೇನೆ.

ಬಾಯಿಯಿಂದ ಚೂರು ಎದ್ದು ಹಾರುತ್ತದೆ

ಮಡಚುವುದರ ವಿರುದ್ಧ ರೋಗವಿದು, ಮಡಚುವುದಕ್ಕಿಂತ ಅಪಾಯಕಾರಿಯೂ ಹೌದು. ಮೊದಲ ಚೂರು ಹಾರಿದ ಕೂಡಲೇ ಕೆಲಸ ನಿಲ್ಲಿಸಿ, ಮುರಿದ ಜಾಗವನ್ನು ನೋಡಿ.

ಎರಡು ಮೂಲೆಗಳಲ್ಲಿ ಮಾತ್ರ ಮುರಿದಿದ್ದರೆ ಬಾಯಿಯನ್ನು ರೂಲರಿನಂತೆ ನೇರವಾಗಿ ಸಾಣೆ ಹಿಡಿದಿದ್ದಾರೆ ಎಂದರ್ಥ. ಚಪ್ಪಟೆ ಚಾಣದ ಬಾಯಿ ಮಧ್ಯದಲ್ಲಿ ಸ್ವಲ್ಪವೇ ಉಬ್ಬಿರಬೇಕು. ಹಾಗಿದ್ದರೆ ಏಟಿನ ಬಲವೆಲ್ಲ ನಡುವಿಗೆ ಬಂದು, ಮೂಲೆಗಳು ಲೋಹದೊಳಗೆ ಹೂತು ಸಿಕ್ಕಿಕೊಳ್ಳುವುದಿಲ್ಲ. ಇದು ಸಾಣೆಯಲ್ಲಿಯೇ ಸರಿಹೋಗುವ ದೋಷ.

ಅಂಚಿನ ಉದ್ದಕ್ಕೂ ಗರಗಸದ ಹಲ್ಲಿನಂತೆ ಸಣ್ಣ ಸಣ್ಣ ಚೂರು ಎದ್ದಿದ್ದರೆ ಕಡಿಯುತ್ತಿರುವ ವಸ್ತುವನ್ನು ಸಂಶಯಿಸಿ. ಬೋಲ್ಟಿನ ತಲೆಯ ಮೇಲೆ 10.9 ಅಥವಾ 12.9 ಎಂದು ಅಚ್ಚಾಗಿದ್ದರೆ ಅದು ಗಡಸುಗೊಳಿಸಿದ ಉಕ್ಕು, ಕೈಚಾಣದ ಕೆಲಸವಲ್ಲ. ಸ್ಪ್ರಿಂಗ್ ಪಟ್ಟಿ, ಅರ, ಬೇರಿಂಗಿನ ಉಂಗುರ ಇವುಗಳ ಮೇಲೂ ಚಾಣ ಇಡಬಾರದು. ಶಾಫ್ಟಿಗೆ ಕಚ್ಚಿಕೊಂಡ ಬೇರಿಂಗಿನ ಒಳ ಉಂಗುರವನ್ನು ಚಾಣದಿಂದ ಒಡೆಯುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಈಗಲೂ ಇದೆ. ಆ ಉಂಗುರ ಒಡೆಯುವಾಗ ಗಾಜಿನಂತೆ ಸಿಡಿಯುತ್ತದೆ. ಬೇರಿಂಗನ್ನು ಎಳೆದು ತೆಗೆಯುವ ಪುಲ್ಲರ್ ತರಿಸಿಕೊಳ್ಳುವವರೆಗೆ ಕಾಯುವುದು ನಷ್ಟವಲ್ಲ.

ಒಂದೇ ಕಡೆಯಿಂದ ದೊಡ್ಡ ಚಂದ್ರಾಕಾರದ ಚೂರು ಹಾರಿದ್ದು, ಅರವೂ ಬಾಯಿಯ ಮೇಲೆ ಪೂರ್ತಿ ಜಾರುತ್ತಿದ್ದರೆ ಹದ ಹಾಕುವಾಗ ಗಡಸು ಮಾಡಿ, ಆಮೇಲೆ ಇಳಿಸಬೇಕಾದಷ್ಟು ಇಳಿಸಿಲ್ಲ. ಮುರಿದ ಮುಖದಲ್ಲಿ ಸಕ್ಕರೆಯ ಹರಳಿನಂಥ ದಪ್ಪ ಕಾಳು ಕಂಡರೆ ಕುಲುಮೆಯಲ್ಲಿ ಅತಿಯಾಗಿ ಕಾಯಿಸಿದ್ದಾರೆ. ಚೆನ್ನಾಗಿ ಹದವಾದ ಉಕ್ಕಿನ ಮುರಿದ ಮುಖ ಬೂದಿಬಣ್ಣದಲ್ಲಿ ರೇಷ್ಮೆಯಂತೆ ನುಣ್ಣಗಿರುತ್ತದೆ. ಈ ಎರಡೂ ದೋಷಗಳು ಸಾಣೆಯಿಂದ ಹೋಗುವಂಥವಲ್ಲ.

ಇನ್ನು ಸಿಕ್ಕಿಕೊಂಡ ಚಾಣವನ್ನು ಬಿಡಿಸಲು ಅಡ್ಡಕ್ಕೆ ತಿರುಚುವವರ, ಅದನ್ನೇ ಮೀಟುಗೋಲಿನಂತೆ ಬಳಸುವವರ ಚಾಣ ಯಾವ ಹದಕ್ಕೂ ಉಳಿಯದು.

ತಲೆ ಅಣಬೆಯಂತೆ ಅರಳಿದೆ

ತಲೆ ಮೆದುವಾಗಿರುವುದರಿಂದ ಏಟು ತಿಂದು ತಿಂದು ಅಂಚು ಹೊರಕ್ಕೆ ಅರಳಿ, ಕೆಳಮುಖವಾಗಿ ಬಾಗಿ, ಒಣಗಿದ ದಳಗಳಂತೆ ಸೀಳುವುದು ಸಹಜ. ಹಾಗೆ ಅರಳಿದ ಚಾಣವನ್ನು ಬಳಸುವುದನ್ನು ಮಾತ್ರ ಸಹಜವೆಂದು ಒಪ್ಪಬಾರದು. ಆ ಒಂದೊಂದು ದಳವೂ ಏಟಿನಿಂದ ಏಟಿಗೆ ಗಡಸಾಗುತ್ತ, ಬಿರಿಯುತ್ತ ಬಂದಿರುತ್ತದೆ, ಮತ್ತು ಒಂದು ಏಟಿಗೆ ಗುಂಡಿನಂತೆ ಹಾರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವರ್ಕ್‌ಶಾಪಿನಲ್ಲಿ ಇಂಥದೇ ಚಾಣವನ್ನು ಕೈಗೆ ಕೊಟ್ಟಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಎಡ ಮುಂಗೈಯಲ್ಲಿ ಸೊಳ್ಳೆ ಕಚ್ಚಿದಷ್ಟೇ ನೋವಾಯಿತು, ಒಂದು ಹನಿ ರಕ್ತ ಬಂದು ನಿಂತಿತು. ಒರಸಿಕೊಂಡು ಕೆಲಸ ಮುಂದುವರಿಸಿದೆ. ಮೂರನೆಯ ದಿನ ಕೈ ಬಾತಾಗ ತೆಗೆಸಿದ ಎಕ್ಸ್‌ರೇಯಲ್ಲಿ ಅಕ್ಕಿಕಾಳಿನಷ್ಟು ಉಕ್ಕಿನ ಚೂರು ಸ್ನಾಯುವಿನೊಳಗೆ ಕಾಣಿಸಿತು. ಗಾಯದ ಬಾಯಿ ಅಷ್ಟು ಸಣ್ಣದಾಗಿತ್ತು. ಅದು ಒಂದು ಗೇಣು ಮೇಲಕ್ಕೆ, ಮುಖದ ಕಡೆಗೆ ಹಾರಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಆದ್ದರಿಂದ ಕಲಿಯುವ ಹುಡುಗರ ಕೈಗೆ ಚಾಣ ಕೊಡುವ ಮೊದಲು ಅದರ ತಲೆಯನ್ನು ನಾನೇ ಬೆರಳಿನಿಂದ ಸವರಿ ನೋಡುತ್ತೇನೆ.

ಪರಿಹಾರ ಸುಲಭ, ಖರ್ಚೂ ಇಲ್ಲ. ಅರಳಿದ ಭಾಗವನ್ನೆಲ್ಲ ಗ್ರೈಂಡರಿನಲ್ಲಿ ತೆಗೆದು, ತಲೆ ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗುವಂತೆ ಸುತ್ತಲೂ ಇಳಿಜಾರು ಕೊಡಿ, ನೆತ್ತಿಯನ್ನು ತುಸು ಉಬ್ಬಿಸಿ. ಬಿರುಕಿನ ಗೆರೆ ಒಳಕ್ಕೆ ಓಡಿದ್ದರೆ ಅದು ಪೂರ್ತಿ ಮಾಯವಾಗುವವರೆಗೆ ಸವೆಸಬೇಕು. ಅರಳುವುದು ಇನ್ನೇನು ಶುರುವಾಯಿತು ಎನ್ನುವಾಗಲೇ ಇದನ್ನು ಮಾಡಿದರೆ ಒಂದು ನಿಮಿಷದ ಕೆಲಸ. "ಅರಳದ ಹಾಗೆ ತಲೆಗೂ ಹದ ಹಾಕಿಸಿಬಿಡೋಣ" ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ.

ಚೂರು ಕಣ್ಣಿಗೆ ಬಿದ್ದಿರಬಹುದೆಂಬ ಸಂಶಯ ಬಂದರೂ ಸಾಕು, ಉಜ್ಜಬಾರದು, ಒತ್ತಬಾರದು, ಬಟ್ಟೆಯ ತುದಿಯಿಂದ ತೆಗೆಯಲು ಹೋಗಬಾರದು. ವೇಗವಾಗಿ ಹೊಕ್ಕ ಸಣ್ಣ ಚೂರಿನಿಂದ ಕೆಲವೊಮ್ಮೆ ನೋವೇ ಇರುವುದಿಲ್ಲ, ದೃಷ್ಟಿಯೂ ಆ ಕ್ಷಣಕ್ಕೆ ಸರಿಯಿರುತ್ತದೆ. ಅದನ್ನು ನಂಬಿ ಮನೆಗೆ ಹೋದವರು ಕಣ್ಣು ಕಳೆದುಕೊಂಡದ್ದುಂಟು. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ, ಮಂಗಳೂರಿನವರು ವೆನ್‌ಲಾಕ್ ಆಸ್ಪತ್ರೆಗೆ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ, ಇಲ್ಲವೇ ಹತ್ತಿರದ ಯಾವುದೇ ಕಣ್ಣಿನ ಆಸ್ಪತ್ರೆಗೆ ಅಂದೇ ಹೋಗಬೇಕು. ಕಬ್ಬಿಣದ ಮೇಲೆ ಸುತ್ತಿಗೆ ಹೊಡೆಯುವಾಗ ಆದದ್ದು ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ, ಏಕೆಂದರೆ ಒಳಗೆ ಕಬ್ಬಿಣವಿದ್ದರೆ ಎಂ.ಆರ್.ಐ. ಮಾಡುವಂತಿಲ್ಲ. ಮೈಯ ಬೇರೆ ಕಡೆ ಆಳಕ್ಕೆ ಹೊಕ್ಕ ಚೂರನ್ನೂ ಎಳೆದು ತೆಗೆಯಬೇಡಿ. ಧನುರ್ವಾಯುವಿನ ಚುಚ್ಚುಮದ್ದನ್ನು ಕೇಳಿ ಹಾಕಿಸಿಕೊಳ್ಳಿ.

ಕಡಿತ ಗೆರೆ ಬಿಟ್ಟು ಓಡುತ್ತದೆ, ಚಾಣ ಸಿಕ್ಕಿಕೊಳ್ಳುತ್ತದೆ

ಕಡಿತ ಪ್ರತಿ ಸಲವೂ ಒಂದೇ ಬದಿಗೆ ಎಳೆದರೆ ಬಾಯಿಯ ಎರಡು ಇಳಿಜಾರುಗಳು ಸಮವಾಗಿಲ್ಲ. ಅಂಚು ಚಾಣದ ನಡುಗೆರೆಯ ಮೇಲೆ ಬರುವಂತೆ ಸಾಣೆ ಹಿಡಿಯಿರಿ. ಆಳ ಏರುಪೇರಾದರೆ ಒಂದೇ ಸಲಕ್ಕೆ ಹೆಚ್ಚು ಕಡಿಯುತ್ತಿದ್ದೀರಿ: ಒಂದು ಸಲಕ್ಕೆ ಒಂದೂವರೆ ಮಿಲಿಮೀಟರ್, ಕೊನೆಯ ಸವರುವಿಕೆಗೆ ಅರ್ಧ ಮಿಲಿಮೀಟರ್ ಸಾಕು. ಬೀಡು ಕಬ್ಬಿಣದಲ್ಲಿ ಅಂಚಿಗೆ ತಲುಪುವ ಮೊದಲೇ ನಿಲ್ಲಿಸಿ, ತುಂಡನ್ನು ತಿರುಗಿಸಿ ಎದುರು ದಿಕ್ಕಿನಿಂದ ಕಡಿಯಬೇಕು, ಇಲ್ಲದಿದ್ದರೆ ಅಂಚೇ ಮುರಿದು ಬೀಳುತ್ತದೆ. ಉಕ್ಕು ಕಡಿಯುವಾಗ ಬಾಯಿಯನ್ನು ಆಗಾಗ ಎಣ್ಣೆಬಟ್ಟೆಗೆ ತಾಗಿಸುವುದು ಒಳ್ಳೆಯದು. ಬೀಡಿಗೆ ಎಣ್ಣೆ ಬೇಡ.

ಕೀ ವೇಯನ್ನು (ಶಾಫ್ಟಿನಲ್ಲಿ ಕೀ ಕೂರಿಸುವ ಕಾಲುವೆ) ಕಡಿಯುವ, ಕಿರಿದಾದ ಬಾಯಿಯ ಕ್ರಾಸ್ ಕಟ್ ಚಾಣ ಕಾಲುವೆಯೊಳಗೆ ಬಿಗಿಯುವುದಕ್ಕೆ ಬೇರೆಯದೇ ಕಾರಣವಿದೆ. ಅದರ ಬಾಯಿ ಅತ್ಯಂತ ಅಗಲವಾಗಿದ್ದು, ಹಿಂದಕ್ಕೆ ಹೋದಂತೆ ಬದಿಗಳು ಕಿರಿದಾಗುತ್ತ ಬರಬೇಕು. ಬದಿಗಳ ಆ ಬಿಡುವು ಸವೆದರೆ ಮೈಯೇ ಕಾಲುವೆಗೆ ಉಜ್ಜುತ್ತದೆ. ಬದಿಗಳನ್ನು ತುಸು ತೆಗೆದರೆ ಸರಿಹೋಗುತ್ತದೆ, ಆದರೆ ಬಾಯಿಯ ಅಗಲ ಕೀ ವೇಯ ಅಗಲಕ್ಕಿಂತ ಕಡಿಮೆಯಾಗದಂತೆ ಕ್ಯಾಲಿಪರಿನಲ್ಲಿ ಅಳೆಯುತ್ತ ತೆಗೆಯಬೇಕು.

ಎಷ್ಟು ಹೊಡೆದರೂ ತುಕ್ಕು ಹಿಡಿದ ನಟ್ಟು ಸೀಳುವುದಿಲ್ಲ

ಚಾಣ ಹರಿತವಾಗಿದ್ದೂ ಇಲ್ಲಿ ಸೋಲುವುದಾದರೆ ದೋಷ ಸಾಮಾನ್ಯವಾಗಿ ಹೊಡೆಯುವ ಕ್ರಮದಲ್ಲಿರುತ್ತದೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡಿ, ಬೆಳಿಗ್ಗೆ ಪೂರ್ತಿ ಒರಸಿ ತೆಗೆಯಿರಿ. ನಟ್ಟನ್ನು ತಿರುಗಿಸುವಂತೆ ಮೂಲೆಗೆ ಹೊಡೆಯುವ ಬದಲು, ಚಾಣದ ಬಾಯಿಯನ್ನು ಬೋಲ್ಟಿನ ಉದ್ದಕ್ಕೆ ಸಮಾನಾಂತರವಾಗಿ ನಟ್ಟಿನ ಒಂದು ಚಪ್ಪಟೆ ಮುಖದ ನಡುವೆ ಇಟ್ಟು ಒಳಕ್ಕೆ ಇಳಿಸಿ. ಒಂದು ಮುಖ ಅರ್ಧ ಸೀಳಿದ ಮೇಲೆ ಎದುರು ಮುಖವನ್ನು ಹಿಡಿದರೆ ನಟ್ಟು ಎರಡು ಹೋಳಾಗಿ ಬಿಡುತ್ತದೆ, ಬೋಲ್ಟೂ ಹಲವೊಮ್ಮೆ ಉಳಿಯುತ್ತದೆ. ನಟ್ಟಿನ ಹಿಂದೆ ಯಾರಾದರೂ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿಯದಿದ್ದರೆ ಏಟಿನ ಬಲವೆಲ್ಲ ತಗಡು ನಡುಗುವುದರಲ್ಲೇ ಕಳೆದುಹೋಗುತ್ತದೆ. ಫೈಬರ್ ದೋಣಿಯಾದರೆ ಈ ಎದುರುಭಾರ ಇಲ್ಲದೆ ಹೊಡೆಯಲೇಬಾರದು. ಬೋಲ್ಟಿನ ಸುತ್ತ ಜೇಡರಬಲೆಯಂತೆ ಬಿರುಕು ಬಿಡುತ್ತದೆ.

ಸ್ಟೇನ್‌ಲೆಸ್ ನಟ್ಟುಗಳ ಗುಣ ಬೇರೆ. ಅಳುಕುತ್ತ ಅಳುಕುತ್ತ ಕೊಟ್ಟ ಸಣ್ಣ ಏಟುಗಳಿಂದ ಅವು ಇನ್ನಷ್ಟು ಗಡಸಾಗುತ್ತವೆ, ಆದ್ದರಿಂದ ಕಡಿಮೆ ಏಟು, ಭಾರದ ಏಟು. ನಾಲ್ಕೈದು ಒಳ್ಳೆಯ ಏಟಿಗೆ ಬಾಯಿ ಇಳಿಯದಿದ್ದರೆ ನಟ್ಟು ಸೀಳುವ ಸಾಧನವನ್ನು ತನ್ನಿ.

ಚಾಣದಿಂದಲೂ ಕಿಡಿ ಏಳುತ್ತದೆ ಎಂಬುದನ್ನು ಮರೆಯಬಾರದು. ಗ್ಯಾಸ್ ಕಟ್ಟರ್ ಇಲ್ಲವೆಂದ ಮಾತ್ರಕ್ಕೆ ಇಂಧನದ ಆವಿ ನಿಂತ ಇಂಜಿನ್ ಕೋಣೆ ಸುರಕ್ಷಿತವಲ್ಲ. ಪೆಟ್ರೋಲ್, ಗ್ಯಾಸ್ ಅಥವಾ ತಿನ್ನರಿನ ವಾಸನೆ ಬಂದರೆ ಹೊರಬಂದು, ಗಾಳಿಯಾಡಿಸಿ, ವಾಸನೆ ಹೋದ ಮೇಲೆಯೇ ಕೆಲಸ. ತೈಲಾಗಾರಗಳಂಥ ಕಡೆ ಇದೇ ಕಾರಣಕ್ಕೆ ಕಿಡಿ ಹಾರದ ತಾಮ್ರಮಿಶ್ರ ಲೋಹದ ಚಾಣಗಳನ್ನು ಬಳಸುತ್ತಾರೆ. ಅವು ಉಕ್ಕಿಗಿಂತ ಮೆದು, ಬೇಗ ಸವೆಯುತ್ತವೆ, ಅದು ಅವುಗಳ ದೋಷವಲ್ಲ.

ಕೈ ಝುಮ್ಮೆನ್ನುತ್ತದೆ, ಏಟಿನ ಸದ್ದು ಬದಲಾಗಿದೆ

ಒಳ್ಳೆಯ ಚಾಣವನ್ನು ದಾರದಲ್ಲಿ ತೂಗುಹಾಕಿ ತಟ್ಟಿದರೆ ಗಂಟೆಯಂತೆ ನುಡಿಯುತ್ತದೆ. ಒಡೆದ ಮಡಕೆಯ ಸದ್ದು ಬಂದರೆ ಒಳಗೆ ಬಿರುಕಿದೆ. ಬಿರುಕನ್ನು ಕಣ್ಣಿಗೆ ಕಾಣಿಸಲು ಚಾಣವನ್ನು ಒಂದು ಗಂಟೆ ಸೀಮೆಎಣ್ಣೆಯಲ್ಲಿ ಮುಳುಗಿಸಿ, ಚೆನ್ನಾಗಿ ಒರಸಿ, ಸೀಮೆಸುಣ್ಣದ ಪುಡಿ ಸವರಿ ಸ್ವಲ್ಪ ಹೊತ್ತು ಬಿಡಿ. ಬಿರುಕಿನಿಂದ ಜಿನುಗುವ ಎಣ್ಣೆ ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ತಲೆಯ ಅಂಚಿನ ಬಿರುಕನ್ನು ಸವೆಸಿ ತೆಗೆಯಬಹುದು. ಮೈಯಲ್ಲಿ ಅಥವಾ ಬಾಯಿಯ ಹಿಂದೆ ಅಡ್ಡ ಬಿರುಕು ಕಂಡರೆ ಚಾಣದ ಆಯುಷ್ಯ ಮುಗಿಯಿತು. ಸದ್ದು ಸರಿಯಿದ್ದೂ ಕೈ ಝುಮ್ಮೆನ್ನುತ್ತಿದ್ದರೆ ಬಾಯಿ ಮೊಂಡಾಗಿರುತ್ತದೆ, ಇಲ್ಲವೇ ಸುತ್ತಿಗೆ ತಲೆಯ ನಡುವಿಗೆ ಬೀಳುತ್ತಿಲ್ಲ.

ಹದ ಹೋದ ಬಾಯಿಗೆ ಮತ್ತೆ ಹದ

ಇದು ಕೊನೆಯ ದಾರಿ, ಎಲ್ಲ ಚಾಣಕ್ಕೂ ಹೊಂದುವ ದಾರಿಯೂ ಅಲ್ಲ. ಕ್ರೋಮ್ ವೆನೇಡಿಯಮ್ (ಒಂದು ಬಗೆಯ ಮಿಶ್ರ ಉಕ್ಕು) ಎಂದು ಅಚ್ಚಾದ ಚಾಣವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಬಿರಿಯುವ ಸಾಧ್ಯತೆ ಹೆಚ್ಚು. ಅದನ್ನು ಬದಲಿಸುವುದೇ ಲೇಸು. ಹಳೆಯ ಮಾದರಿಯ, ಸಾದಾ ಇಂಗಾಲದ ಉಕ್ಕಿನ ಎಂಟುಮೂಲೆಯ ಚಾಣಗಳಿಗೆ ಮಾತ್ರ ಈ ಕ್ರಮ ಹೊಂದುತ್ತದೆ.

ನಮ್ಮ ಊರುಗಳಲ್ಲಿ ಕಬ್ಬಿಣದ ಕೆಲಸದ ಆಚಾರಿಗಳ ಕುಲುಮೆಗಳು ಕಡಿಮೆಯಾಗಿವೆ, ಆದರೆ ಕತ್ತಿ, ಹಾರೆಗೆ ಹದ ಹಾಕುವವರು ಇನ್ನೂ ಸಿಗುತ್ತಾರೆ. ಅವರ ಬಳಿಗೆ ಒಯ್ಯುವುದೇ ನನ್ನ ಸಲಹೆ. ಏನಾಗುತ್ತದೆ ಎಂಬುದು ತಿಳಿದಿದ್ದರೆ ಕೇಳಿ ಮಾಡಿಸಿಕೊಳ್ಳಬಹುದು ಎಂಬ ಕಾರಣಕ್ಕೆ ಇಷ್ಟು ಹೇಳುತ್ತೇನೆ. ಬಾಯಿಯ ಕಡೆಯ ಒಂದು ಇಂಚಿನಷ್ಟು ಭಾಗವನ್ನು ಗೆರಟೆ ಕರಿಯ ಕೆಂಡದಲ್ಲಿ ನಿಧಾನವಾಗಿ, ಅಯಸ್ಕಾಂತಕ್ಕೆ ಅಂಟುವುದು ನಿಂತು ಇನ್ನೂ ಸ್ವಲ್ಪ ಮೇಲೆ, ಸುಮಾರು 780ರಿಂದ 800 ಡಿಗ್ರಿಯ ಹದವಾದ ಕೆಂಪಿಗೆ ತರಬೇಕು. ಕಿತ್ತಳೆ ಹಳದಿಗೆ ಹೋದರೆ ಹರಳು ದಪ್ಪವಾಗುತ್ತದೆ. ಬಳಿಕ ಬಾಯಿಯನ್ನು ನೆಟ್ಟಗೆ ನೀರಿಗಿಳಿಸಿ ಮೇಲೆ ಕೆಳಗೆ ಆಡಿಸಬೇಕು, ಒಂದೇ ಮಟ್ಟದಲ್ಲಿ ಹಿಡಿದು ನಿಂತರೆ ನೀರಿನ ಗೆರೆಯಲ್ಲೇ ಬಿರುಕು ಹುಟ್ಟುತ್ತದೆ. ತಕ್ಷಣ ಹೊರತೆಗೆದು ಬಾಯಿಯನ್ನು ಎಮರಿಯಿಂದ ಉಜ್ಜಿ ಹೊಳೆಸಿದರೆ, ಮೈಯಲ್ಲಿ ಉಳಿದ ಕಾವು ಅಂಚಿನ ಕಡೆಗೆ ಹರಿಯುತ್ತ ಹಳದಿ, ಕಂದು, ನೇರಳೆ ಬಣ್ಣಗಳು ಸಾಲಾಗಿ ಓಡಿಬರುತ್ತವೆ. ನೇರಳೆ ಅಂಚಿಗೆ ಮುಟ್ಟಿದ ಕ್ಷಣ ಪೂರ್ತಿ ನೀರಿಗೆ. ಬಣ್ಣ ನೋಡಲು ನೆರಳು ಬೇಕು. ಬಿಸಿಲಿನಲ್ಲಿ ಕೆಂಪೂ ಕಾಣದು, ನೇರಳೆಯೂ ಕಾಣದು, ಆದ್ದರಿಂದ ಮಳೆಗಾಲದ ಮಬ್ಬು ಈ ಕೆಲಸಕ್ಕೆ ಅನುಕೂಲವೇ. ಮರಳಿ ತಂದ ಚಾಣವನ್ನು ಮೊದಲು ಅರದಿಂದ ಪರೀಕ್ಷಿಸಿ, ಆಮೇಲೆ ಮೆದು ಉಕ್ಕಿನ ಬೇಡದ ತುಂಡಿನ ಮೇಲೆ ಹತ್ತು ಏಟು ಹೊಡೆದು ನೋಡಿ, ಆನಂತರವೇ ಕೆಲಸಕ್ಕೆ ಕೊಡಿ.

ಯಾವ ಚಾಣವನ್ನು ಇನ್ನು ಬಳಸಬಾರದು

ಮೈ ಬಾಗಿದ ಚಾಣವನ್ನು ಬಡಿದು ನೇರ ಮಾಡಿ ಬಳಸುವುದು ಬೇಡ. ಮೈಯಲ್ಲಿ ಅಡ್ಡ ಬಿರುಕಿದ್ದದ್ದು, ಹದ ಹಾಕಿದ ಮೇಲೂ ಎರಡನೆಯ ಸಲ ಚೂರು ಹಾರಿದ್ದು, ಮುಷ್ಟಿಯಲ್ಲಿ ಹಿಡಿದರೆ ತಲೆ ಮತ್ತು ಬಾಯಿ ಎರಡೂ ಬೆರಳಿಗೆ ಹತ್ತಿರವಾಗುವಷ್ಟು ಗಿಡ್ಡಾದದ್ದು, ಯಾರೋ ಅರವನ್ನೋ ಸ್ಪ್ರಿಂಗನ್ನೋ ಸಾಣೆ ಹಿಡಿದು ಚಾಣವೆಂದು ಮಾಡಿಟ್ಟದ್ದು, ಇವನ್ನೆಲ್ಲ ಪೆಟ್ಟಿಗೆಯಿಂದ ಹೊರಗಿಡಬೇಕು. ಬರೀ ತುಕ್ಕು ಹಿಡಿದದ್ದನ್ನು ಎಸೆಯಬೇಕಾಗಿಲ್ಲ. ಕಡಲ ಗಾಳಿಯ ಊರಿನಲ್ಲಿ ಎಣ್ಣೆ ಸವರದ ಉಕ್ಕಿಗೆ ಒಂದು ವಾರದಲ್ಲೇ ಕೆಂಪು ಬರುತ್ತದೆ, ತಂತಿ ಬ್ರಷ್ಷಿನಿಂದ ಉಜ್ಜಿ, ಮೆಷಿನ್ ಎಣ್ಣೆ ಸವರಿ, ಬಾಯಿಗೆ ಎಣ್ಣೆಬಟ್ಟೆ ಸುತ್ತಿಟ್ಟರೆ ಸಾಕು.

ಹೊರಗಿಟ್ಟದ್ದನ್ನು ಹಾಗೆಯೇ ಗುಜರಿಗೆ ಹಾಕಬೇಡಿ. ಗುಜರಿಯಿಂದ ಅದು ಇನ್ನೊಬ್ಬ ಹುಡುಗನ ಕೈಗೆ ಚಾಣವಾಗಿಯೇ ಮರಳಿ ಹೋಗುವುದನ್ನು ನೋಡಿದ್ದೇನೆ. ಆಂಗಲ್ ಗ್ರೈಂಡರಿನಿಂದ ಅದನ್ನು ನಡುವಿಗೆ ಎರಡು ತುಂಡು ಮಾಡಿ, ಆಮೇಲೆ ಹಾಕಿ.